ಕೆಲಾಮಿಟಿ: ಜ್ಞಾನೋದಯಕ್ಕೆ ಯು.ಜಿ. ಇಟ್ಟ ಹೆಸರು

ಕೆಲಾಮಿಟಿ ಅಂದರೆ ಅನಾಹುತ. ನೆರೆ, ಬರ, ಭೂಕಂಪದ ಸುದ್ದಿಯಲ್ಲಿ ಕೇಳಿಬರುವ ಪದ. ಗುರುಗಳನ್ನೂ ಜ್ಞಾನೋದಯವನ್ನೂ ಪ್ರಶ್ನಿಸುತ್ತಲೇ ಬಂದ ಚಿಂತಕ ಯು.ಜಿ. ಕೃಷ್ಣಮೂರ್ತಿ (1918–2007) ತಮ್ಮ 49ನೇ ವಯಸ್ಸಿನಲ್ಲಿ ನಡೆದ ಒಂದು ಘಟನೆಗೆ ಈ ಹೆಸರಿಟ್ಟರು. ಬೇರೆಯವರಾಗಿದ್ದರೆ ಅದನ್ನೇ ಜ್ಞಾನೋದಯ, ಸಾಕ್ಷಾತ್ಕಾರ ಅಂತ ಕರೆದು ಆಶ್ರಮ ಕಟ್ಟುತ್ತಿದ್ದರೇನೋ. ಅಂದಹಾಗೆ, ಇವರು ಜಿಡ್ಡು ಕೃಷ್ಣಮೂರ್ತಿ ಅಲ್ಲ. ಈ ಗೊಂದಲ ತುಂಬಾ ಜನರಿಗೆ ಆಗುತ್ತದೆ. ಇಬ್ಬರೂ ಆಂಧ್ರದವರು, ಇಬ್ಬರೂ ಥಿಯಾಸಫಿಯ (ಎಲ್ಲ ಧರ್ಮಗಳ ತಿರುಳು ಒಂದೇ ಅನ್ನುವ ಆಧ್ಯಾತ್ಮಿಕ ಚಳವಳಿ) ನೆರಳಲ್ಲೇ ಬೆಳೆದವರು.

ಯು.ಜಿ. ಹುಟ್ಟಿದ್ದು ಮಚಲಿಪಟ್ಟಣದಲ್ಲಿ. ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡರು. ಹುಡುಗ ಗುಡಿವಾಡದ ಅಜ್ಜನ ಮನೆಯಲ್ಲಿ ಬೆಳೆದ. ಅಜ್ಜ ಅನುಕೂಲಸ್ಥ ವಕೀಲರು. ಮನೆಗೆ ಸಾಧುಗಳು, ಪಂಡಿತರು ಬಂದು ಹೋಗುತ್ತಲೇ ಇರುತ್ತಿದ್ದರು. ಧ್ಯಾನಕ್ಕೆಂದೇ ಅಜ್ಜನಿಗೆ ಒಂದು ಕೋಣೆಯಿತ್ತು. ಒಂದು ದಿನ ಅವರು ಒಳಗೆ ಧ್ಯಾನಕ್ಕೆ ಕೂತಿದ್ದಾಗ ಮನೆಯ ಮಗುವೊಂದು ಅತ್ತಿತು. ಅಜ್ಜ ಎದ್ದು ಬಂದು ಆ ಮಗುವನ್ನು ಸಿಕ್ಕಾಪಟ್ಟೆ ಹೊಡೆದರಂತೆ. ಇಷ್ಟು ವರ್ಷದ ಧ್ಯಾನ ಮಾಡಿದ್ದೇನು ಅಂತ ಹುಡುಗನಿಗೆ ಆವತ್ತೇ ಅನುಮಾನ ಬಂತು.

ಅನುಮಾನ ಬಂತು, ಆದರೆ ಹುಡುಕಾಟ ನಿಲ್ಲಲಿಲ್ಲ. 14ರಿಂದ 21ನೇ ವಯಸ್ಸಿನವರೆಗೆ ಯೋಗ, ಜಪ, ಉಪವಾಸ, ಋಷಿಕೇಶದ ವಾಸ ಎಲ್ಲವೂ ಆಯಿತು. ಅಲ್ಲಿ ಖಾರ ಮುಟ್ಟಬಾರದು ಅಂತ ಶಿಷ್ಯರಿಗೆ ಹೇಳುತ್ತಿದ್ದ ಗುರುಗಳೊಬ್ಬರು ಬಾಗಿಲು ಹಾಕಿಕೊಂಡು ಉಪ್ಪಿನಕಾಯಿ ತಿನ್ನುತ್ತಿದ್ದುದನ್ನು ತಾವು ಕಂಡಿದ್ದಾಗಿ ಯು.ಜಿ. ಹೇಳುತ್ತಿದ್ದರು. ಆದರೆ ಅವರನ್ನು ಜಾಸ್ತಿ ಕಾಡಿದ್ದು ಗುರುವಿನ ಉಪ್ಪಿನಕಾಯಿ ಅಲ್ಲ, ತಮ್ಮದೇ ಸ್ಥಿತಿ. ಪುಸ್ತಕದಲ್ಲಿರುವ ಸಮಾಧಿ ಸ್ಥಿತಿಗಳೆಲ್ಲ ತಮಗೂ ಆಗಿದ್ದವು ಅನ್ನುತ್ತಾರೆ. ಕಣ್ಣು ಬಿಟ್ಟ ಮೇಲೆ ಮಾತ್ರ ಅದೇ ಸಿಟ್ಟು, ಅದೇ ಕಾಮ, ಅದೇ ದುರಾಸೆ. ಹಾಗಿದ್ದರೆ ಆಗಿದ್ದು ಏನು?

1939ರಲ್ಲಿ ತಿರುವಣ್ಣಾಮಲೈಗೆ ಹೋಗಿ ರಮಣ ಮಹರ್ಷಿಗಳನ್ನು ನೇರವಾಗಿ ಕೇಳಿದರು: ನಿಮ್ಮಲ್ಲಿರುವುದನ್ನು ನನಗೆ ಕೊಡಬಲ್ಲಿರಾ? ಕೊಡಬಲ್ಲೆ, ತೆಗೆದುಕೊಳ್ಳಲು ನಿನ್ನಿಂದ ಆಗುತ್ತಾ ಅಂತ ರಮಣರು ಮರುಪ್ರಶ್ನೆ ಹಾಕಿದರು ಅನ್ನುವುದು ಯು.ಜಿ. ಹೇಳುವ ಕಥೆ. ನನಗಲ್ಲದೆ ಇನ್ಯಾರಿಗೆ ಆಗುತ್ತದೆ ಅಂತ 21ರ ಹುಡುಗ ಬೀಗಿಕೊಂಡೇ ವಾಪಸಾದ. ಮುಂದೆ ಮದುವೆ, ಮಕ್ಕಳು, ಥಿಯಾಸಫಿಯ ಭಾಷಣಗಳು. ಮಗನ ಪೋಲಿಯೋ ಚಿಕಿತ್ಸೆಗೆಂದು 1955ರಲ್ಲಿ ಅಮೆರಿಕಕ್ಕೆ ಹೋದರು. ಕೈಯಲ್ಲಿದ್ದ ದುಡ್ಡು ಕರಗಿತು, ಸಂಸಾರ ಮುರಿಯಿತು, ಲಂಡನ್ ಬೀದಿಗಳಲ್ಲಿ ಗೊತ್ತುಗುರಿಯಿಲ್ಲದೆ ಅಲೆದರು. ಕೊನೆಗೆ ಸ್ವಿಟ್ಜರ್ಲೆಂಡಿನ ಸಾನೆನ್‌ನಲ್ಲಿ ನೆಲೆ ಸಿಕ್ಕಿತು.

1967ರ ಬೇಸಿಗೆ. ಸಾನೆನ್‌ನಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಉಪನ್ಯಾಸ ನಡೆಯುತ್ತಿತ್ತು. ಕೇಳುತ್ತಾ ಕೂತಿದ್ದ ಯು.ಜಿ.ಗೆ, ಅರೆ, ಇವರು ವರ್ಣಿಸುತ್ತಿರುವುದು ನನ್ನ ಸ್ಥಿತಿಯನ್ನೇ ಅಲ್ವಾ ಅನ್ನಿಸಿತು. ಬಹುಪಾಲು ಸಾಧಕರ ಕಥೆ ಇಲ್ಲಿಗೆ ಸುಖಾಂತವಾಗುತ್ತದೆ. ಇವರ ತಲೆಯಲ್ಲಿ ಮಾತ್ರ ಇನ್ನೊಂದು ಪ್ರಶ್ನೆ ಎದ್ದಿತು: ಇದೇ ಆ ಸ್ಥಿತಿ ಅಂತ ನನಗೆ ಹೇಗೆ ಗೊತ್ತು?

ಕೆಲಾಮಿಟಿ ಅನ್ನುವ ಪದದ ಬೇರು ಈ ಪ್ರಶ್ನೆಯಲ್ಲಿದೆ. ಬುದ್ಧ ಹೀಗಿದ್ದ, ಮೌನ ಹೀಗಿರುತ್ತದೆ, ಬೆಳಕು ಹೀಗೆ ಕಾಣುತ್ತದೆ ಅಂತ ಮೊದಲೇ ಓದಿರುತ್ತೇವೆ, ಕೇಳಿರುತ್ತೇವೆ. ಆ ಓದು ಒಳಗೆ ಕೂತು, ತನಗೆ ಬೇಕಾದ ಅನುಭವವನ್ನು ತಾನೇ ತಯಾರು ಮಾಡುತ್ತದೆ. ಆಮೇಲೆ ಹೌದು, ಇದೇ ಅದು ಅಂತ ಗುರುತು ಹಿಡಿಯುವುದೂ ಅದೇ ಓದು. ಗೈಡ್ ಓದಿ ಪರೀಕ್ಷೆ ಬರೆದು, ಅದೇ ಗೈಡ್ ಮುಂದಿಟ್ಟುಕೊಂಡು ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ. ಇದರಲ್ಲಿ ಯಾರೂ ಬೇಕಂತಲೇ ಸುಳ್ಳು ಹೇಳುತ್ತಿರುವುದಿಲ್ಲ. ಅದಕ್ಕೇ ಈ ಮೋಸ ಹಿಡಿಯುವುದು ಕಷ್ಟ. ಕಣ್ಣೀರು ನಿಜ, ರೋಮಾಂಚನ ನಿಜ, ತಿಂಗಳುಗಟ್ಟಲೆ ಉಳಿಯುವ ಶಾಂತಿಯೂ ನಿಜವೇ ಇರಬಹುದು. ಅದಕ್ಕೆ ಅಂಟಿಸಿದ ಹೆಸರು ಮಾತ್ರ ಎರವಲು.

ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಪ್ರಶ್ನೆಯೇ ಮಾಯವಾಯಿತು ಅನ್ನುತ್ತಾರೆ ಯು.ಜಿ. ಅದರ ಬೆನ್ನಿಗೇ, 1967ರ ಆಗಸ್ಟ್‌ನಲ್ಲಿ, ಏಳು ದಿನ ಮೈಯಲ್ಲಿ ಏನೇನೋ ಬದಲಾವಣೆ. ಚರ್ಮ ನುಣುಪಾಯಿತು, ರೆಪ್ಪೆ ಬಡಿಯುವುದು ನಿಂತಿತು, ರುಚಿ, ವಾಸನೆ, ನೋಟ ಎಲ್ಲ ಬೇರೆಯಾದವು. ಏಳನೇ ದಿನ ಸಾವಿನಂಥದ್ದೇ ಒಂದು ಸ್ಥಿತಿ. ಇದನ್ನವರು ಕೆಲಾಮಿಟಿ ಅಂದರು. ಯಾಕೆಂದರೆ ಮೋಕ್ಷ ಬೇಕು ಅನ್ನುವವನು ಅದನ್ನು ಸವಿಯಲು ತಾನೂ ಅಲ್ಲಿರಬೇಕು ಅಂತ ಬಯಸುತ್ತಾನೆ. ಆನಂದವೂ ಬೇಕು, ಅನುಭವಿಸುವ 'ನಾನು' ಕೂಡ ಬೇಕು. ಹೋಗುವುದು ಆ 'ನಾನು' ಅಂತಾದರೆ, ಹುಡುಕುವವನ ಲೆಕ್ಕದಲ್ಲಿ ಅದು ಅನಾಹುತ ತಾನೇ? ಉಳಿದ ಸ್ಥಿತಿಯನ್ನು ಅವರು ಸಹಜ ಸ್ಥಿತಿ ಎಂದಷ್ಟೇ ಕರೆದರು. ಅದು ಮೈಗೆ ಸಂಬಂಧಿಸಿದ್ದು, ಅಧ್ಯಾತ್ಮಕ್ಕಲ್ಲ ಅಂತ ಸೇರಿಸುತ್ತಿದ್ದರು. ಸಾಧನೆಯಿಂದ ಇದು ಬರಲಿಲ್ಲ, ಸಾಧನೆ ಅಡ್ಡ ನಿಂತಿದ್ದರೂ ಆಯಿತು ಅನ್ನುವುದು ಅವರ ವಾದ.

ಮೋಕ್ಷದ ಆಸೆಗೂ ದುಡ್ಡಿನ ಆಸೆಗೂ ವ್ಯತ್ಯಾಸವಿಲ್ಲ ಅಂತಲೂ ಅವರು ಹೇಳುತ್ತಿದ್ದರು. ಮನದ ಮುಂದಣ ಆಸೆಯನ್ನೇ ಮಾಯೆ ಅಂದ ಅಲ್ಲಮನನ್ನು ಬಲ್ಲ ಕನ್ನಡಿಗರಿಗೆ ಈ ಮಾತು ತೀರಾ ಹೊಸದೇನಲ್ಲ. ಆದರೆ ಅಲ್ಲಮನಿಗೆ ಮಾತಿನ ಕೊನೆಯಲ್ಲಿ ಗುಹೇಶ್ವರನಿದ್ದಾನೆ. ಯು.ಜಿ.ಗೆ ಯಾರೂ ಇಲ್ಲ.

ಇನ್ನು ನನ್ನ ತಕರಾರು. ಆ ಏಳು ದಿನಗಳ ವಿವರ ನಮಗೆ ಸಿಗುವುದು ಯು.ಜಿ. ಬಾಯಿಂದಲೇ. ಮೈಯಲ್ಲಿ ಶಕ್ತಿ ಏರುವುದು, ಸಾವಿನ ಹತ್ತಿರ ಹೋಗಿ ಬರುವುದು, ಇವೆಲ್ಲ ಕುಂಡಲಿನಿಯ ಹಳೆಯ ವರ್ಣನೆಗಳನ್ನು ಹೋಲುತ್ತವೆ. ಅಜ್ಜನ ಮನೆಯಲ್ಲಿ, ಋಷಿಕೇಶದಲ್ಲಿ ಅವರು ಇಂಥದ್ದನ್ನು ಕೇಳಿಯೇ ಇರಬೇಕು. ಹಾಗಾದರೆ ಇದೂ ಗೈಡಿನ ಉತ್ತರವೇ ಯಾಕಾಗಿರಬಾರದು? ಇತರರ ಅನುಭವಕ್ಕೆ ಅವರು ಹಾಕಿದ ಪ್ರಶ್ನೆಯನ್ನು ಅವರ ಅನುಭವಕ್ಕೂ ಹಾಕಲೇಬೇಕು. ಅನಾಹುತ ಅಂತ ಹೆಸರಿಟ್ಟ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ.

ಈ ಪದಕ್ಕೂ ಬೆಂಗಳೂರಿಗೂ ನಂಟಿದೆ. ಘಟನೆ ನಡೆದ ಮೇಲೆ ಅವರು ವೇದಿಕೆ ಹತ್ತಿ ಮಾತಾಡಿದ್ದು 1972ರಲ್ಲಿ, ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ. ಅದನ್ನು ಕಟ್ಟಿದ ಬಿ.ಪಿ. ವಾಡಿಯಾ ಕೂಡ ಥಿಯಾಸಫಿಸ್ಟರೇ! ಆಮೇಲೆ ಯು.ಜಿ. ಅಂಥ ಉಪನ್ಯಾಸಕ್ಕೆ ಒಪ್ಪಲಿಲ್ಲ. ಬೆಂಗಳೂರಿಗೆ ಮತ್ತೆ ಮತ್ತೆ ಬಂದು ಗೆಳೆಯರ ಮನೆಗಳಲ್ಲಿ ಇರುತ್ತಿದ್ದರು. ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ನನ್ನ ಹತ್ತಿರ ಕೊಡಲು ಏನೂ ಇಲ್ಲ ಅಂತ ಬೈದು ಕಳಿಸಿದರೂ ಜನ ಬರುತ್ತಿದ್ದರು. ಏನೂ ಇಲ್ಲ ಅನ್ನುವವನ ಹತ್ತಿರವೇ ಏನೋ ಇರಬೇಕು ಅನ್ನುವ ಲೆಕ್ಕಾಚಾರ ಹುಡುಕುವವರಿಗೆ ಬಲು ಬೇಗ ಹೊಳೆಯುತ್ತದೆ. ನಿರಾಕರಣೆಯೂ ಒಂದು ಆಕರ್ಷಣೆಯೇ, ಇದು ಅವರಿಗೆ ತಿಳಿಯದ್ದೇನಲ್ಲ ಅಂತ ನನ್ನ ಅಂದಾಜು.

ಹಾಗಾಗಿ ನನಗೂ ಕೆಲಾಮಿಟಿ ಆಯಿತು ಅಂತ ಯಾರಾದರೂ ಹೇಳಿಕೊಂಡರೆ, ಪದ ಅಲ್ಲಿಗೆ ಕೆಟ್ಟಿತು. ಅದು ಜ್ಞಾನೋದಯದ ಹೊಸ ಬ್ರಾಂಡ್ ಆಯಿತು ಅಷ್ಟೇ. ಧರ್ಮವೆಲ್ಲ ಬೂಟಾಟಿಕೆ ಅನ್ನುವ ವಿಚಾರವಾದದ ಘೋಷಣೆಯಾಗಿ ಬಳಸುವುದೂ ಸರಿಯಲ್ಲ. ಯು.ಜಿ. ವಿಜ್ಞಾನಿಗಳನ್ನೂ ಮನಶ್ಶಾಸ್ತ್ರಜ್ಞರನ್ನೂ ಅಷ್ಟೇ ಜೋರಾಗಿ ಬೈಯುತ್ತಿದ್ದರು.

2007ರ ಮಾರ್ಚ್ 22ರಂದು ಅವರು ಇಟಲಿಯ ವಲ್ಲೆಕ್ರೋಸಿಯಾದಲ್ಲಿ ತೀರಿಕೊಂಡರು. ಬಿದ್ದು ಪೆಟ್ಟಾಗಿತ್ತು, ಚಿಕಿತ್ಸೆ ಬೇಡ ಅಂದಿದ್ದರು. ತಮ್ಮ ಮಾತಿಗೆ ಕಾಪಿರೈಟ್ ಇಲ್ಲ, ಬೇಕಾದರೆ ತಿರುಚಿ, ಬೇಕಾದರೆ ನಿಮ್ಮದೇ ಅಂತ ಹೇಳಿಕೊಳ್ಳಿ ಅಂತ ಅವರು ಬದುಕಿದ್ದಾಗಲೇ ಸಾರಿದ್ದರಿಂದ ಅವರ ಸಂಭಾಷಣೆಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಓದುವ ಮನಸ್ಸಿದ್ದರೆ, ಎಲ್ಲರೂ ಹುಡುಕಿ ಹೋಗುವ ಆ ಏಳು ದಿನಗಳ ಭಾಗವನ್ನು ಸದ್ಯಕ್ಕೆ ಬಿಟ್ಟುಬಿಡಿ. ಅಜ್ಜನ ಮನೆ, ಋಷಿಕೇಶ, ರಮಣರ ಭೇಟಿ ಇರುವ ಪುಟಗಳಿಂದ ಶುರು ಮಾಡಿ. ಅವರು ಹೆಚ್ಚು ನಂಬುವ ಹಾಗೆ ಮಾತಾಡಿರುವುದು ಅಲ್ಲೇ.