ಲೆಫ್ಟಿನೆಂಟ್ ಗವರ್ನರ್ ಹುದ್ದೆಗೂ ಚುನಾವಣೆ ಏಕೆ?

ಓದುಗರ ಪ್ರಶ್ನೆ: ದೆಹಲಿ, ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್‌ಗಳನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದಲ್ಲಿ ಮಾತ್ರ ಜನರೇ ಓಟು ಹಾಕಿ ಆರಿಸುತ್ತಾರಂತೆ. ಗವರ್ನರ್ ಇದ್ದ ಮೇಲೆ ಇವರಿಗೇನು ಕೆಲಸ?

ಹೆಸರು ಒಂದೇ, ಹುದ್ದೆ ಬೇರೆ. ಅಮೆರಿಕದ ರಾಜ್ಯಗಳಲ್ಲಿ ಗವರ್ನರ್ ಅಂದರೆ ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಲೆಫ್ಟಿನೆಂಟ್ ಗವರ್ನರ್ ಆ ಜಾಗಕ್ಕೆ ಬರುತ್ತಾರೆ. ಜೊತೆಗೆ, ನಮ್ಮ ಉಪರಾಷ್ಟ್ರಪತಿ ರಾಜ್ಯಸಭೆ ನಡೆಸುವಂತೆ, ಎಷ್ಟೋ ರಾಜ್ಯಗಳಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್‌ನ ಅಧ್ಯಕ್ಷರ ಕುರ್ಚಿಯೂ ಇವರದೇ. ಜಗಳ ಹುಟ್ಟುವುದು ಆ ಕುರ್ಚಿಯ ಸುತ್ತಲೇ.

ಇಂಡಿಯಾನಾ ರಾಜ್ಯದ 1886ರ ಚುನಾವಣೆ ನೋಡಿ. ಗವರ್ನರ್ ಐಸಾಕ್ ಗ್ರೇ ಡೆಮಾಕ್ರಟಿಕ್ ಪಕ್ಷದವರು. ಅವರ ಲೆಫ್ಟಿನೆಂಟ್ ಗವರ್ನರ್ ಮಾಲನ್ ಮ್ಯಾನ್ಸನ್‌ಗೆ ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ, ಅವಧಿ ಅರ್ಧ ಇರುವಾಗಲೇ ರಾಜೀನಾಮೆ ಕೊಟ್ಟರು. ಖಾಲಿಯಾದ ಜಾಗಕ್ಕೆ ಎರಡೂ ಪಕ್ಷಗಳು ಅಭ್ಯರ್ಥಿ ನಿಲ್ಲಿಸಿದವು. ಗೆದ್ದವರು ರಿಪಬ್ಲಿಕನ್ ಪಕ್ಷದ ರಾಬರ್ಟ್ ರಾಬರ್ಟ್‌ಸನ್. ಅಂತರ್ಯುದ್ಧದಲ್ಲಿ, 1864ರಲ್ಲಿ, ಚೆದುರಿ ಓಡುತ್ತಿದ್ದ ಸೈನಿಕರ ನಡುವೆ ಬಾವುಟ ಹಿಡಿದು ಮುನ್ನುಗ್ಗಿದ್ದಕ್ಕೆ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಪಡೆದವರು.

ಆದರೆ ಸೆನೆಟ್‌ನಲ್ಲಿ ಬಹುಮತ ಇದ್ದದ್ದು ಡೆಮಾಕ್ರಟರಿಗೆ. ನಡು ಅವಧಿಯಲ್ಲಿ ಚುನಾವಣೆ ನಡೆಸಲು ರಾಜ್ಯದ ಸಂವಿಧಾನದಲ್ಲಿ ಅವಕಾಶವೇ ಇಲ್ಲ ಎಂದು ತಗಾದೆ ತೆಗೆದರು. ಹಾಗಿದ್ದರೆ ತಾವೂ ಒಬ್ಬರನ್ನು ನಿಲ್ಲಿಸಿದ್ದೇಕೆ? ಸೋತ ಮೇಲೆ ಹುಟ್ಟಿದ ವಾದ ಅದು ಎಂದೇ ನನಗನ್ನಿಸುತ್ತದೆ. ಅವರು ತಮ್ಮವರೇ ಆದ ಅಲೊಂಜೊ ಸ್ಮಿತ್‌ರನ್ನು ಕುರ್ಚಿಯಲ್ಲಿ ಕೂರಿಸಿಕೊಂಡರು. ವಾಷಿಂಗ್ಟನ್‌ನ ಕೇಂದ್ರ ಸಂಸತ್ತಿಗೆ ಹೋಗುವ ಸೆನೆಟರನ್ನು ಆಗ ರಾಜ್ಯದ ಶಾಸಕರೇ ಆರಿಸುತ್ತಿದ್ದರು, ಹಾಗಾಗಿ ಆ ಕುರ್ಚಿಗೆ ಬೆಲೆ ಇನ್ನೂ ಜಾಸ್ತಿ. ವಿವಾದ ಕೋರ್ಟಿಗೆ ಹೋಯಿತು. ಆದರೂ ಸೆನೆಟ್ ರಾಬರ್ಟ್‌ಸನ್‌ಗೆ ಕುರ್ಚಿ ಬಿಟ್ಟುಕೊಡಲಿಲ್ಲ.

1887ರ ಫೆಬ್ರವರಿ 24. ಇಂಡಿಯಾನಾಪೊಲಿಸ್‌ನ ಹೊಸ ಶಾಸನಸಭೆ ಕಟ್ಟಡದ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ರಾಬರ್ಟ್‌ಸನ್ ಸೆನೆಟ್ ಒಳಗೆ ಬಂದು, ತಮಗೆ ಸೇರಬೇಕಾದ ಕುರ್ಚಿಯತ್ತ ನಡೆದರು. ಬಾಗಿಲು ಕಾಯುವವನು ಕುತ್ತಿಗೆಗೇ ಕೈಹಾಕಿ ಅವರನ್ನು ಹೊರಗೆ ದಬ್ಬಿದ. ಅಲ್ಲಿಂದ ಶುರುವಾದ ಹೊಡೆದಾಟ ಗಂಟೆಗಟ್ಟಲೆ ನಡೆಯಿತು. ಯಾರೋ ಚಾವಣಿಗೆ ಗುಂಡು ಹಾರಿಸಿದರು. ಕೊನೆಗೆ ಪೊಲೀಸರು ಬರಬೇಕಾಯಿತು. ರಿಪಬ್ಲಿಕನ್ನರ ಕೈಲಿದ್ದ ಕೆಳಮನೆ, ಇನ್ನು ಸೆನೆಟ್ ಜೊತೆ ವ್ಯವಹಾರವೇ ಬೇಡ ಎಂದುಬಿಟ್ಟಿತು. ಆ ಅಧಿವೇಶನ ಅಷ್ಟಕ್ಕೇ ನಿಂತಿತು. ಓಟು ಹಾಕಿ ಗೆಲ್ಲಿಸಿದ ಜನರ ಬಗ್ಗೆ ಯೋಚಿಸಿದರೆ ಬೇಜಾರಾಗುತ್ತದೆ.

ಶಾಸಕರು ಸೆನೆಟರನ್ನು ಆರಿಸುವ ಪದ್ಧತಿ 1913ರಲ್ಲಿ, ಅಮೆರಿಕದ ಸಂವಿಧಾನದ 17ನೇ ತಿದ್ದುಪಡಿಯಿಂದ ಹೋಯಿತು. ಗವರ್ನರ್ ತೀರಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಇದೇ ರಾಜ್ಯದಲ್ಲಿ ಉದಾಹರಣೆ ಇದೆ. 1888ರಲ್ಲಿ ಗೆದ್ದ ಗವರ್ನರ್ ಆಲ್ವಿನ್ ಹೋವಿ 1891ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಜೊತೆ ಲೆಫ್ಟಿನೆಂಟ್ ಗವರ್ನರ್ ಆಗಿ ಆರಿಸಿ ಬಂದಿದ್ದ ಐರಾ ಚೇಸ್ ಗವರ್ನರ್ ಆದರು.