ಹೊಗೆಯ ಲೆಕ್ಕ ಒಂದು ಕಡೆ, ಕರೆಂಟಿನ ಲೆಕ್ಕ ಇನ್ನೊಂದು ಕಡೆ

ಒಂದು ಯೂನಿಟ್ ಕರೆಂಟು ಕೊಡಲು ಒಂದು ಸ್ಥಾವರ ಎಷ್ಟು ಹೊಗೆ ಬಿಡುತ್ತದೆ? ಹೊಗೆಯ ತೂಕವನ್ನು ಕರೆಂಟಿನ ಪ್ರಮಾಣದಿಂದ ಭಾಗಿಸಿದರೆ ಉತ್ತರ ಸಿಗಬೇಕು. ಆದರೆ ಭಾಗಾಕಾರದ ಮೇಲಿನ ಅಂಕಿ ಒಂದು ಇಲಾಖೆಯಲ್ಲಿದೆ, ಕೆಳಗಿನ ಅಂಕಿ ಇನ್ನೊಂದು ಇಲಾಖೆಯಲ್ಲಿದೆ. ಒಂದೇ ಸ್ಥಾವರದ ಭಾಗಗಳಿಗೆ ಎರಡೂ ಕಡೆ ಬೇರೆ ಬೇರೆ ಹೆಸರು. ಅಮೆರಿಕದಲ್ಲಿ ಈ ಎರಡು ಲೆಕ್ಕಗಳನ್ನು ತಾಳೆ ಮಾಡುವ ಕೆಲಸ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ನಡೆದಿದೆ, ಇನ್ನೂ ಮುಗಿದಿಲ್ಲ. ಅದು ಯಾಕೆ ಇಷ್ಟು ತೊಡಕಿನದು ಎಂದು ತಿಳಿಯಬೇಕಾದರೆ, ಎರಡು ಲೆಕ್ಕಗಳೂ ಹುಟ್ಟಿದ್ದು ಯಾಕೆ ಎಂಬಲ್ಲಿಂದ ಶುರು ಮಾಡಬೇಕು.

ಹೊಗೆಯ ಲೆಕ್ಕ ಹುಟ್ಟಿದ್ದು ಆಮ್ಲಮಳೆಯಿಂದ. ಗಂಧಕದ ಡೈಆಕ್ಸೈಡ್ ಕಾಡು, ಕೆರೆಗಳನ್ನು ಹಾಳುಗೆಡವುತ್ತಿದ್ದಾಗ ಅಮೆರಿಕ ತನ್ನ ಶುದ್ಧ ಗಾಳಿ ಕಾಯ್ದೆಗೆ 1990ರಲ್ಲಿ ತಿದ್ದುಪಡಿ ತಂದಿತು. 1980ರ ಮಟ್ಟಕ್ಕಿಂತ ವರ್ಷಕ್ಕೆ 1 ಕೋಟಿ ಟನ್ ಕಡಿಮೆ ಮಾಡುವುದು ಗುರಿ. ಅದಕ್ಕೆ ಆರಿಸಿಕೊಂಡ ದಾರಿ ಹೊಸದು: 1 ಟನ್ ಬಿಡಲು 1 ಪರವಾನಗಿ, ಉಳಿಸಿದವರು ಮಾರಬಹುದು, ಸಾಲದವರು ಕೊಳ್ಳಬೇಕು. ಪರವಾನಗಿ ಮೀರಿದ ಪ್ರತಿ ಟನ್ನಿಗೆ 2,000 ಡಾಲರ್ ದಂಡ, ಅದೂ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುವಂಥದ್ದು. ಹೀಗೆ ಪ್ರತಿ ಟನ್ನಿಗೂ ದುಡ್ಡಿನ ಬೆಲೆ ಬಂದ ಮೇಲೆ ಅಂದಾಜಿನ ಲೆಕ್ಕ ನಡೆಯುವುದಿಲ್ಲ. ಚಿಮಣಿಯಲ್ಲೇ ಅಳೆಯುವ ಉಪಕರಣ ಕೂರಿಸಿ ಗಂಟೆಗೊಂದು ಅಂಕಿ ಕೊಡಬೇಕೆಂದು ನಿಯಮವಾಯಿತು. 1995ರಲ್ಲಿ ಹೆಚ್ಚು ಹೊಗೆ ಬಿಡುವ 110 ಸ್ಥಾವರಗಳು ಮೊದಲ ಹಂತಕ್ಕೆ ಬಂದವು. 2000ದಿಂದ 25 ಮೆಗಾವ್ಯಾಟ್‌ಗಿಂತ ದೊಡ್ಡ ಬಹುತೇಕ ಎಲ್ಲ ಘಟಕಗಳೂ ಸೇರಿದವು. ಇಂಗಾಲದ ಡೈಆಕ್ಸೈಡ್ ಮೇಲೆ ಆಗ ಯಾವ ಮಿತಿಯೂ ಇರಲಿಲ್ಲ. ಆದರೂ ಅದೇ ತಿದ್ದುಪಡಿಯ 821ನೇ ವಿಧಿ ಅದನ್ನೂ ಅಳೆದು ವರದಿ ಮಾಡಲು ಹೇಳಿತು. ಇವತ್ತು ಹವಾಮಾನದ ಬಗ್ಗೆ ಕೆಲಸ ಮಾಡುವವರಿಗೆ ಗಂಟೆಗಂಟೆಯ ಇಂಗಾಲದ ಲೆಕ್ಕ ಸಿಗುತ್ತಿರುವುದು ಆ ಒಂದು ವಿಧಿಯಿಂದ.

ಇದು ವಿಜ್ಞಾನಕ್ಕೆಂದು ಮಾಡಿದ ಅಳತೆಯಲ್ಲ, ವ್ಯಾಪಾರಕ್ಕೆಂದು ಬರೆದ ಖಾತೆ ಪುಸ್ತಕ. ಅದರ ಗುರುತು ದತ್ತಾಂಶದೊಳಗೇ ಇದೆ. ಚಿಮಣಿಯ ಎತ್ತರದಲ್ಲಿ ಒಂದು ಕೊಳವೆ ಹೊಗೆಯ ಮಾದರಿಯನ್ನು ಹೀರುತ್ತದೆ, ಶುದ್ಧ ಒಣಗಾಳಿ ಬೆರೆಸಿ ತೆಳುವಾಗಿಸುತ್ತದೆ, ಬಿಸಿ ಇಟ್ಟ ನಳಿಕೆಯ ಮೂಲಕ ಕೆಳಗಿನ ವಿಶ್ಲೇಷಕಕ್ಕೆ ಕಳಿಸುತ್ತದೆ. ದಿನಕ್ಕೊಮ್ಮೆ ಗೊತ್ತಿರುವ ಸಾಂದ್ರತೆಯ ಅನಿಲ ಹಾಯಿಸಿ ಉಪಕರಣ ಸರಿಯಿದೆಯೇ ನೋಡಬೇಕು. ಕೊಳವೆ ಬೂದಿಯಿಂದ ಕಟ್ಟಿಕೊಂಡರೆ, ನಳಿಕೆ ತಣ್ಣಗಾಗಿ ನೀರು ನಿಂತರೆ, ದಿನದ ಪರೀಕ್ಷೆಯಲ್ಲಿ ನಪಾಸಾದರೆ ಆ ಗಂಟೆಗಳ ಅಳತೆ ಇಲ್ಲ. ಆದರೆ ಖಾತೆ ಪುಸ್ತಕದಲ್ಲಿ ಖಾಲಿ ಸಾಲು ಬಿಡುವಂತಿಲ್ಲ, ಬದಲಿ ಅಂಕಿ ತುಂಬಲೇಬೇಕು.

ಬದಲಿ ತುಂಬುವ ನಿಯಮವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಗಂಧಕದ ಡೈಆಕ್ಸೈಡಿಗೆ ಹೀಗಿದೆ: ಉಪಕರಣ ಶೇ 95ಕ್ಕಿಂತ ಹೆಚ್ಚು ಹೊತ್ತು ಸರಿಯಾಗಿ ನಡೆದಿದ್ದು, 24 ಗಂಟೆಯೊಳಗೆ ದುರಸ್ತಿಯಾದರೆ ಹಿಂದಿನ ಮತ್ತು ಮುಂದಿನ ಗಂಟೆಯ ಸರಾಸರಿ ಹಾಕಬಹುದು. 24 ಗಂಟೆ ಮೀರಿದರೆ ಆ ಸರಾಸರಿ ಅಥವಾ ಹಿಂದಿನ 720 ಒಳ್ಳೆಯ ಗಂಟೆಗಳ 90ನೇ ಪ್ರತಿಶತಕ (ಅವುಗಳಲ್ಲಿ ಶೇ 90ರಷ್ಟು ಅಂಕಿಗಳು ಯಾವುದಕ್ಕಿಂತ ಕೆಳಗಿವೆಯೋ ಆ ಅಂಕಿ), ಎರಡರಲ್ಲಿ ದೊಡ್ಡದು. ಉಪಕರಣ ಸರಿಯಾಗಿ ನಡೆದ ಹೊತ್ತು ಶೇ 90ಕ್ಕಿಂತ ಕೆಳಗಿಳಿದರೆ ಆ 720 ಗಂಟೆಗಳಲ್ಲಿ ಅತಿ ದೊಡ್ಡ ಅಂಕಿ. ಶೇ 80ಕ್ಕಿಂತಲೂ ಕೆಳಗಾದರೆ ಆ ಘಟಕ ಬಿಡಬಹುದಾದ ಗರಿಷ್ಠ ಸಾಂದ್ರತೆ. ಉಪಕರಣ ಕೆಟ್ಟಷ್ಟೂ ಮಾಲೀಕನ ಜೇಬಿಗೆ ಹೊರೆ. ಹಾಗಾಗಿ ಸ್ಥಾವರದವರು ಉಪಕರಣವನ್ನು ಕಣ್ಣಿಟ್ಟು ಕಾಯುತ್ತಾರೆ, ವ್ಯಾಪಾರದ ದೃಷ್ಟಿಯಿಂದ ಇದು ಬಹಳ ಜಾಣ ನಿಯಮ. ಆದರೆ ಸಂಶೋಧನೆಗೆ ಬಳಸುವವರು ಪ್ರತಿ ಅಂಕಿಯ ಪಕ್ಕದಲ್ಲಿರುವ ‘ಅಳೆದದ್ದು’, ‘ಬದಲಿ’, ‘ಲೆಕ್ಕ ಹಾಕಿದ್ದು’ ಎಂಬ ಗುರುತನ್ನು ಬಿಸಾಡಬಾರದು. ಬಿಸಾಡಿದರೆ ದಂಡದ ರೂಪದ ಅಂಕಿಯನ್ನೇ ನಿಜವಾದ ಹೊಗೆ ಎಂದು ನಂಬಿದಂತಾಗುತ್ತದೆ.

ಇನ್ನೊಂದು ಲೆಕ್ಕ ಬೇರೆ ಮನೆಯದು. ಇಂಧನ ಮಾಹಿತಿ ಆಡಳಿತ, ಅಂದರೆ ಇಐಎ, ತೈಲ ಬಿಕ್ಕಟ್ಟಿನ ಬೆನ್ನಿಗೆ 1977ರಲ್ಲಿ ಹುಟ್ಟಿದ ಅಂಕಿಅಂಶ ಸಂಸ್ಥೆ. ಅದರ ನಮೂನೆ 860ರಲ್ಲಿ ದೇಶದ 1 ಮೆಗಾವ್ಯಾಟ್ ಮೇಲ್ಪಟ್ಟ ಸ್ಥಾವರಗಳ ಪ್ರತಿ ಜನರೇಟರ್ ವರ್ಷಕ್ಕೊಮ್ಮೆ ದಾಖಲಾಗುತ್ತದೆ. ನಮೂನೆ 923ರಲ್ಲಿ ತಿಂಗಳಿಗೆ ಎಷ್ಟು ಇಂಧನ ಸುಟ್ಟಿತು, ಎಷ್ಟು ಕರೆಂಟು ಹೊರಗೆ ಹೋಯಿತು ಎಂಬ ಲೆಕ್ಕ. ಈ 923 ಬಂದದ್ದು 2008ರಲ್ಲಿ, ಅದಕ್ಕೂ ಮೊದಲು 906, 920, 423 ಹೀಗೆ ಚೂರುಚೂರಾಗಿತ್ತು. ಬಾಯ್ಲರ್ ಮಟ್ಟದ ವಿವರ ಕೊಡುತ್ತಿದ್ದ ನಮೂನೆ 767 ಅನ್ನು 2005ರ ವರ್ಷದ ನಂತರ ನಿಲ್ಲಿಸಲಾಯಿತು. ಅದರ ಕೆಲಸವನ್ನು 860 ಮತ್ತು 923 ವಹಿಸಿಕೊಳ್ಳುವ ಹೊತ್ತಿಗೆ 2006ರಲ್ಲಿ ಕಿಂಡಿ ಬಿದ್ದಿತ್ತು. ಹಿಂದಿನಿಂದ ಇಂದಿನವರೆಗೆ ಒಂದೇ ಸರಣಿ ಕಟ್ಟಲು ಹೊರಟವರು ಮೊದಲು ಎಡವುವುದು ಇಲ್ಲೇ.

ಒಂದು ಲೆಕ್ಕ ಚಿಮಣಿಯದು, ಇನ್ನೊಂದು ಜನರೇಟರಿನದು. ನಡುವೆ ಬಾಯ್ಲರ್. ಒಂದು ಬಾಯ್ಲರ್, ಒಂದು ಟರ್ಬೈನ್, ಒಂದು ಚಿಮಣಿ ಇದ್ದರೆ ತೊಂದರೆಯಿಲ್ಲ. ಆದರೆ ಹಳೆಯ ಸ್ಥಾವರಗಳಲ್ಲಿ ನಾಲ್ಕು ಬಾಯ್ಲರುಗಳ ಉಗಿ ಒಂದೇ ಕೊಳವೆಗೆ ಬಂದು ಮೂರು ಟರ್ಬೈನುಗಳಿಗೆ ಹಂಚಿಹೋಗುತ್ತದೆ. ಎರಡು ಬಾಯ್ಲರುಗಳ ಹೊಗೆ ಒಂದೇ ಚಿಮಣಿಯಲ್ಲಿ ಹೋಗುತ್ತದೆ, ಒಂದು ಬಾಯ್ಲರಿನ ಹೊಗೆ ಎರಡು ಚಿಮಣಿಗೆ ಕವಲೊಡೆಯುವುದೂ ಉಂಟು. ನಮ್ಮ ಹಳ್ಳಿಗಳಲ್ಲಿ ಒಂದೇ ಜಾಗಕ್ಕೆ ಪಹಣಿಯಲ್ಲಿ ಸರ್ವೆ ನಂಬರು, ಪಂಚಾಯಿತಿಯಲ್ಲಿ ಖಾತೆ ನಂಬರು ಇರುತ್ತದಲ್ಲ, ಹಾಗೇ ಇದು. ಮಧ್ಯೆ ಪೋಡಿಯಾಗಿ ಒಂದು ಸರ್ವೆ ನಂಬರು ಮೂರಾಗಿದ್ದರೆ ಖಾತೆಯವರಿಗೆ ಅದು ಗೊತ್ತೇ ಇರುವುದಿಲ್ಲ.

ಸ್ಥಾವರದ ಸಂಖ್ಯೆ ಎರಡೂ ಕಡೆ ಬಹುಪಾಲು ಒಂದೇ. ಆದರೂ ಇಐಎ ಪಟ್ಟಿಯಲ್ಲಿಲ್ಲದ ಕಾರ್ಖಾನೆಗಳಿಗೆ ಹೊಗೆಯ ಲೆಕ್ಕ ಇಡುವ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, 88ರಿಂದ ಶುರುವಾಗುವ ಆರಂಕಿಯ ಸಂಖ್ಯೆ ಕೊಟ್ಟಿದೆ. ನಿಜವಾದ ಕಾಟ ಘಟಕದ ಹೆಸರಿನದು. ಇಲ್ಲಿ ‘01’ ಇದ್ದದ್ದು ಅಲ್ಲಿ ‘1’, ಇಲ್ಲಿ ‘ಸಿಟಿ1’ ಇದ್ದದ್ದು ಅಲ್ಲಿ ‘ಜಿಟಿ1’, ಕೆಲವಕ್ಕೆ ಹೆಸರಿನ ಮುಂದೆ ಎರಡು ನಕ್ಷತ್ರ ಚಿಹ್ನೆ. ಕೋಷ್ಟಕದ ಈ ಕಂಬವನ್ನು (ಕಾಲಂ) ಕಂಪ್ಯೂಟರಿಗೆ ಸಂಖ್ಯೆ ಎಂದು ಓದಿಸಿದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ‘1-2’ ಎಂಬ ಘಟಕ ತಾರೀಖಾಗಿಬಿಡುತ್ತದೆ. ಗುರುತಿನ ಕಂಬಗಳನ್ನು ಮೊದಲಿನಿಂದ ಕೊನೆಯವರೆಗೂ ಪಠ್ಯವಾಗಿಯೇ ಇಡಬೇಕು.

ಗಂಟೆಯ ಒಂದು ಸಾಲು ಹೇಗಿರುತ್ತದೆ ಎನ್ನಲು ಉದಾಹರಣೆಗೆ ಅಂಕಿ ಹಾಕೋಣ. ಕಲ್ಲಿದ್ದಲಿನ ಒಂದು ಘಟಕ ಪೂರ್ತಿ ಒಂದು ಗಂಟೆ ನಡೆದಿದೆ, ಉತ್ಪಾದನೆ 480 ಮೆಗಾವ್ಯಾಟ್, ಒಳಹೋದ ಶಾಖ 4,800 ಎಂಎಂಬಿಟಿಯು (ಬಿಟಿಯು ಶಾಖದ ಒಂದು ಅಳತೆ, ಅಂಥ 10 ಲಕ್ಷ ಸೇರಿದರೆ 1 ಎಂಎಂಬಿಟಿಯು), ಇಂಗಾಲದ ಡೈಆಕ್ಸೈಡ್ 492 ಟನ್. ಈ ಟನ್ ನಮ್ಮ ಸಾವಿರ ಕಿಲೋದ ಟನ್ ಅಲ್ಲ, 907 ಕಿಲೋದ ಅಮೆರಿಕದ ಟನ್. ನಮ್ಮ ಲೆಕ್ಕದಲ್ಲಿ ಅದು 446. ಭಾಗಿಸಿದರೆ ಯೂನಿಟ್ಟಿಗೆ 0.93 ಕಿಲೋ. ಆದರೆ ಆ 480 ಜನರೇಟರಿನ ತುದಿಯಲ್ಲಿ ಅಳೆದದ್ದು. ಪಂಪು, ಫ್ಯಾನು, ಕಲ್ಲಿದ್ದಲು ಅರೆಯುವ ಗಿರಣಿ, ಗಂಧಕ ತೊಳೆಯುವ ಘಟಕಗಳಿಗೆಲ್ಲ ಕಲ್ಲಿದ್ದಲು ಸ್ಥಾವರ ತನ್ನ ಕರೆಂಟಿನಲ್ಲಿ ಸಾಮಾನ್ಯವಾಗಿ ಶೇ 5ರಿಂದ 8ರಷ್ಟನ್ನು ತಾನೇ ತಿನ್ನುತ್ತದೆ. ಶೇ 7 ಕಳೆದರೆ ತಂತಿಗೆ ಹೋದದ್ದು 446. ಈಗ ಯೂನಿಟ್ಟಿಗೆ ಸರಿಯಾಗಿ 1 ಕಿಲೋ. ಇಪಿಎ ಕೊಡುವುದು ಮೊದಲ ಬಗೆಯ ಉತ್ಪಾದನೆ, ಇಐಎ ಕೊಡುವುದು ಎರಡನೆಯದು.

ಸಂಯುಕ್ತ ಆವರ್ತದ ಅನಿಲ ಸ್ಥಾವರಗಳಲ್ಲಿ ಇದಕ್ಕಿಂತ ದೊಡ್ಡ ತಪ್ಪು ಕಾದಿರುತ್ತದೆ. ತಲಾ 170 ಮೆಗಾವ್ಯಾಟ್‌ನ ಎರಡು ಅನಿಲ ಟರ್ಬೈನು, ಅವುಗಳ ಬಿಸಿ ಹೊಗೆಯಿಂದ ಉಗಿ ಮಾಡಿ ತಿರುಗಿಸುವ 160ರ ಒಂದು ಉಗಿ ಟರ್ಬೈನು ಇವೆ ಎನ್ನಿ. ಉಗಿ ಟರ್ಬೈನಿಗೆ ತನ್ನದೇ ಚಿಮಣಿ ಇಲ್ಲ, ಹಾಗಾಗಿ ಕೆಲವು ಸ್ಥಾವರಗಳ ಹೊಗೆಯ ಲೆಕ್ಕದಲ್ಲಿ ಅದರ ಕರೆಂಟು ಬರುವುದೇ ಇಲ್ಲ. ಒಳಹೋದ ಶಾಖ 3,400 ಎಂಎಂಬಿಟಿಯು, ಇಂಗಾಲದ ಡೈಆಕ್ಸೈಡ್ ನಮ್ಮ ಸಾವಿರ ಕಿಲೋದ ಲೆಕ್ಕದಲ್ಲಿ ಸುಮಾರು 180 ಟನ್. 340 ಮೆಗಾವ್ಯಾಟ್‌ನಿಂದ ಭಾಗಿಸಿದರೆ ಯೂನಿಟ್ಟಿಗೆ 0.53 ಕಿಲೋ, 500ರಿಂದ ಭಾಗಿಸಿದರೆ 0.36. ದೇಶದ ಅತಿ ದಕ್ಷ ಸ್ಥಾವರವೊಂದು ಕಾಗದದ ಮೇಲೆ ಹಳೆಯ ಯಂತ್ರದಂತೆ ಕಾಣುತ್ತದೆ.

ಇದನ್ನು ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದು ಯೂನಿಟ್ಟಿಗೆ ಎಷ್ಟು ಬಿಟಿಯು ಶಾಖ ಬೇಕಾಯಿತು ನೋಡಿ. 3,412 ಅಂದರೆ ಶೇ 100 ದಕ್ಷತೆ, ಅದಕ್ಕಿಂತ ಕಡಿಮೆ ಬಂದರೆ ಕೊಂಡಿ ತಪ್ಪಿದೆ ಎಂದೇ ಅರ್ಥ. ಸಂಯುಕ್ತ ಆವರ್ತ 7,000ದ ಆಸುಪಾಸಿನಲ್ಲಿ, ಕಲ್ಲಿದ್ದಲು 10,000ದ ಆಸುಪಾಸಿನಲ್ಲಿ ಇರಬೇಕು. ಸಂಯುಕ್ತ ಆವರ್ತದ್ದು 10,000 ತೋರಿಸಿದರೆ ಉಗಿ ಟರ್ಬೈನು ಎಲ್ಲಿ ಹೋಯಿತೆಂದು ಹುಡುಕಿ. ಇಂಧನದಿಂದಲೂ ತಾಳೆ ನೋಡಬಹುದು. ನೈಸರ್ಗಿಕ ಅನಿಲಕ್ಕೆ ಎಂಎಂಬಿಟಿಯುಗೆ ಸುಮಾರು 117 ಪೌಂಡ್ ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲಿಗೆ 205ರಿಂದ 215. ಅನಿಲದಲ್ಲಿ ಎರಡೂ ಲೆಕ್ಕ ಚೆನ್ನಾಗಿ ಕೂಡುತ್ತವೆ, ಏಕೆಂದರೆ ಅಲ್ಲಿ ಚಿಮಣಿಯ ಬದಲು ಇಂಧನದ ಮೀಟರಿನಿಂದ ಲೆಕ್ಕ ಹಾಕಲು ನಿಯಮವೇ ಅವಕಾಶ ಕೊಟ್ಟಿದೆ. ಕಲ್ಲಿದ್ದಲಿನಲ್ಲಿ ಚಿಮಣಿಯ ಅಂಕಿ ಇಂಧನದ ಅಂಕಿಗಿಂತ ಹೆಚ್ಚು ಬರುವುದುಂಟು. ಹೊಗೆ ಚಿಮಣಿಯಲ್ಲಿ ನೆಟ್ಟಗೆ ಏರದೆ ಸುಳಿಯಾಗಿ ಏರಿದಾಗ ಅದರ ವೇಗ ಇದ್ದದ್ದಕ್ಕಿಂತ ಜಾಸ್ತಿ ದಾಖಲಾಗುತ್ತದೆ. ಸುಳಿ ಮತ್ತು ಗೋಡೆಯಂಚಿನ ನಿಧಾನ ಹರಿವನ್ನು ಗಣನೆಗೆ ತೆಗೆದುಕೊಳ್ಳುವ ಹೊಸ ವಿಧಾನಗಳನ್ನು ಇಪಿಎ 1999ರಲ್ಲಿ ತಂದಿತು. ಹಾಗಾಗಿ ಅದಕ್ಕೂ ಹಿಂದಿನ ಅಂಕಿಗಳನ್ನು ಇಂದಿನವುಗಳ ಪಕ್ಕ ಇಡುವಾಗ ಎಚ್ಚರ ಬೇಕು.

ಜೋಡಣೆಯ ಮೊದಲ ದೊಡ್ಡ ಪ್ರಯತ್ನ ಇಪಿಎಯ ಇ-ಗ್ರಿಡ್, 1998ರಲ್ಲಿ ಹೊರಬಂದದ್ದು. ಸ್ಥಾವರದ ಮಟ್ಟದಲ್ಲಿ, ವರ್ಷದ ಮೊತ್ತವಾಗಿ ಎರಡೂ ಲೆಕ್ಕ ಸೇರಿಸಿ ಕೊಟ್ಟಿತು. ಅಮೆರಿಕದ ಮನೆಗಳ ಕರೆಂಟಿನ ಇಂಗಾಲದ ಲೆಕ್ಕ ಹಾಕುವವರು ಈಗಲೂ ಅದನ್ನೇ ಆಧರಿಸುತ್ತಾರೆ. ಆದರೆ ಗಂಟೆಯ ಮಟ್ಟಕ್ಕೆ, ಘಟಕದ ಮಟ್ಟಕ್ಕೆ ಇಳಿಯಬೇಕೆಂದವರು ಕೊಂಡಿಯ ಕೋಷ್ಟಕವನ್ನು ತಾವೇ ಮಾಡಿಕೊಳ್ಳಬೇಕಿತ್ತು. ಒಂದೇ ಕೆಲಸವನ್ನು ಹತ್ತಾರು ವಿಶ್ವವಿದ್ಯಾಲಯ, ಕಂಪನಿಗಳು ಪ್ರತ್ಯೇಕವಾಗಿ ಮಾಡಿ, ಕಪಾಟಿನೊಳಗೆ ಇಟ್ಟುಕೊಂಡವು. ಸಾರ್ವಜನಿಕ ದುಡ್ಡಿನಲ್ಲಿ ಸಂಗ್ರಹಿಸಿದ ಮಾಹಿತಿಗೆ ಇದು ಒಪ್ಪುವ ಗತಿಯಲ್ಲ. 2021ರ ಹೊತ್ತಿಗೆ ಇಪಿಎ ತನ್ನ ಘಟಕಗಳಿಗೂ ಇಐಎಯ ಬಾಯ್ಲರ್, ಜನರೇಟರುಗಳಿಗೂ ಇರುವ ಕೊಂಡಿಯ ಕೋಷ್ಟಕವನ್ನು, ಅದನ್ನು ಮಾಡಿದ ಪ್ರೋಗ್ರಾಂ ಸಮೇತ, ಎಲ್ಲರಿಗೂ ತೆರೆದಿಟ್ಟಿತು. ಕ್ಯಾಟಲಿಸ್ಟ್ ಕೋಆಪರೇಟಿವ್ ಎಂಬ ಸಹಕಾರಿ ಗುಂಪು ಅದನ್ನೂ ಎರಡೂ ಸಂಸ್ಥೆಗಳ ದತ್ತಾಂಶವನ್ನೂ ಸೇರಿಸಿ, 1995ರಿಂದೀಚಿನ ಗಂಟೆಯ ಸಾಲುಗಳನ್ನು ಉಚಿತವಾಗಿ ಹಂಚುತ್ತಿದೆ. ಆ ಸಾಲುಗಳ ಸಂಖ್ಯೆ 100 ಕೋಟಿಯ ಹತ್ತಿರ.

ಕೊಂಡಿಯ ಕೋಷ್ಟಕ ಕೈಯಲ್ಲಿದ್ದರೂ ನೇರ ಜೋಡಿಸಬಾರದು. ಒಂದು ಬಾಯ್ಲರ್ ಎರಡು ಜನರೇಟರಿಗೆ ಕೊಂಡಿಯಾಗಿದ್ದರೆ ಜೋಡಿಸಿದ ಕೂಡಲೇ ಹೊಗೆಯ ಸಾಲು ಎರಡಾಗುತ್ತದೆ, ಮೊತ್ತ ಇಮ್ಮಡಿಯಾಗುತ್ತದೆ. ಮೊದಲು ಪರಸ್ಪರ ಕೊಂಡಿಯಿರುವ ಬಾಯ್ಲರು, ಜನರೇಟರುಗಳನ್ನೆಲ್ಲ ಒಂದು ಗುಂಪಾಗಿ ಕಟ್ಟಿ, ಗುಂಪಿನೊಳಗೆ ಎರಡೂ ಕಡೆ ಬೇರೆ ಬೇರೆ ಕೂಡಿ, ಆಮೇಲೆ ಜೋಡಿಸಬೇಕು. ಸಮಯವನ್ನೂ ನೋಡಿಕೊಳ್ಳಬೇಕು. ಹೊಗೆಯ ಲೆಕ್ಕ ವರ್ಷಪೂರ್ತಿ ಸ್ಥಳೀಯ ಪ್ರಮಾಣ ಸಮಯದಲ್ಲಿ ಇರುತ್ತದೆ, ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ರೂಢಿ ಈ ಲೆಕ್ಕಕ್ಕಿಲ್ಲ. ವಿದ್ಯುತ್ ಜಾಲದ ಬೇಡಿಕೆಯ ದತ್ತಾಂಶದೊಡನೆ ಹೊಂದಿಸುವಾಗ ಒಂದು ಗಂಟೆ ಜಾರಿದರೆ ಸಂಜೆಯ ಏರಿಕೆ ತಪ್ಪು ಜಾಗದಲ್ಲಿ ಕಾಣುತ್ತದೆ. ಕೆಲವು ಘಟಕಗಳು ನೆಲದ ಬಳಿ ಓಝೋನ್ ಮಾಲಿನ್ಯ ಹೆಚ್ಚುವ ‘ಓಝೋನ್ ಋತು’ವಾದ ಮೇನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ವರದಿ ಮಾಡುತ್ತವೆ. ಉಳಿದ ಏಳು ತಿಂಗಳ ಖಾಲಿ ಜಾಗವನ್ನು ಸೊನ್ನೆ ಎಂದು ಓದಿದರೆ ಚಳಿಗಾಲದಲ್ಲಿ ಸ್ಥಾವರ ಮುಚ್ಚಿತ್ತು ಎಂಬ ಸುಳ್ಳು ಹುಟ್ಟುತ್ತದೆ.

ಭಾರತದಲ್ಲೂ ಎರಡು ಲೆಕ್ಕಗಳಿವೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2006ರಿಂದ ಸ್ಥಾವರವಾರು ಇಂಗಾಲದ ಡೈಆಕ್ಸೈಡ್ ದತ್ತಾಂಶ ಪ್ರಕಟಿಸುತ್ತಿದೆ. ಅದು ಸುಟ್ಟ ಇಂಧನದಿಂದ ಹಾಕಿದ ಲೆಕ್ಕ, ಚಿಮಣಿಯಲ್ಲಿ ಅಳೆದದ್ದಲ್ಲ. ಅದರಲ್ಲಿ ದಕ್ಷಿಣದ ಜಾಲಕ್ಕೆ ಪ್ರತ್ಯೇಕ ಅಂಕಿ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಬೆಸೆದುಕೊಂಡ ಮೇಲೆ ಆ ವಿಂಗಡಣೆಗೆ ಅರ್ಥ ಉಳಿಯಲಿಲ್ಲ. ಇನ್ನೊಂದು ಕಡೆ, ಹೆಚ್ಚು ಮಾಲಿನ್ಯದ 17 ಬಗೆಯ ಉದ್ದಿಮೆಗಳು ಚಿಮಣಿಯಲ್ಲಿ ನಿರಂತರ ಅಳತೆಯ ಉಪಕರಣ ಕೂರಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಆದೇಶಿಸಿತು. ದೂಳು, ಗಂಧಕ, ನೈಟ್ರೋಜನ್ ಆಕ್ಸೈಡುಗಳ ಅಂಕಿ ಅಲ್ಲಿಗೆ ಹೋಗುತ್ತದೆ, ಉತ್ಪಾದನೆಯ ಅಂಕಿ ಪ್ರಾಧಿಕಾರಕ್ಕೆ ಹೋಗುತ್ತದೆ. ಅಮೆರಿಕ 1995ರಲ್ಲಿ ನಿಂತಿದ್ದ ಕವಲು ಇದೇ.

ಇಲ್ಲಿ ಮೊದಲು ಬೇಕಿರುವುದು ದೊಡ್ಡ ಸರ್ವರ್ ಅಲ್ಲ, ಒಂದು ಸಣ್ಣ ಕೋಷ್ಟಕ: ಸ್ಥಾವರ, ಬಾಯ್ಲರ್, ಟರ್ಬೈನು, ಚಿಮಣಿ, ಅಳತೆಯ ಉಪಕರಣ, ಈ ಕೊಂಡಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ತಾರೀಖಿನ ಕಂಬ ಬಿಡುವಂತಿಲ್ಲ, ಏಕೆಂದರೆ ಗಂಧಕ ತೊಳೆಯುವ ಘಟಕ ಕೂಡಿಸಿದಾಗ ಹೊಗೆ ಹೊಸ ಚಿಮಣಿಗೆ ತಿರುಗಬಹುದು, ಹಳೆಯದು ಬದಲಿ ದಾರಿಯಾಗಿ ಉಳಿಯಬಹುದು. ಘಟಕಕ್ಕೆ ಒಂದು ಸಾಲೆಂದರೆ, ಶಕ್ತಿನಗರದ ರಾಯಚೂರು ಸ್ಥಾವರಕ್ಕೆ 8 ಸಾಲು, ಕುಡತಿನಿಯ ಬಳ್ಳಾರಿ ಸ್ಥಾವರಕ್ಕೆ 3, ಯರಮರಸ್‌ಗೆ 2, ಕೂಡಗಿಗೆ 3, ಉಡುಪಿಗೆ 2. ಕಲ್ಲಿದ್ದಲಿನ ಈ ಐದು ಸ್ಥಾವರಗಳಿಗೆ 18 ಸಾಲು, ಮುಂದೆ ಪ್ರತಿ ಬದಲಾವಣೆಗೆ ಒಂದೊಂದು.