ಹ್ಯಾಪ್ಲೋಗ್ರೂಪ್ ಅಂದರೆ ಬಳಿ ಅಲ್ಲ ಮಾರಾಯ್ರೇ

ಕುಂಬಳೆಯಲ್ಲಿ ಒಂದು ಮದುವೆ ಊಟ. ಪಕ್ಕದವರು ಹೇಳಿದರು: "ಎಂಜಲು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸಿದೆ. ನಮ್ಮ ಬಳಿಯ ಹ್ಯಾಪ್ಲೋಗ್ರೂಪ್ ಎಲ್ ಅಂತೆ." ಬಳಿ ಅಂದರೆ ತುಳುನಾಡಿನಲ್ಲಿ ತಾಯಿಯಿಂದ ಬರುವ ಕುಲ. ಇಂಥ ಮಾತು ಕೇಳಿದ್ದು ಈ ತಿಂಗಳಲ್ಲಿ ಮೂರನೇ ಸಲ. ಪಾಯಸದ ಹೊತ್ತು, ಸುಮ್ನಿದ್ದೆ.

'ಹ್ಯಾಪ್ಲೋ' ಬಂದದ್ದು ಗ್ರೀಕಿನ 'ಹಪ್ಲೂಸ್'ನಿಂದ, ಅಂದರೆ ಒಂಟಿ. ಡಿಎನ್‌ಎ ಹೊತ್ತ ಬೇರೆ ವರ್ಣತಂತುಗಳು (ಕ್ರೋಮೋಸೋಮ್) ಜೋಡಿಯಲ್ಲಿದ್ದು ಪ್ರತಿ ತಲೆಮಾರಲ್ಲೂ ಕಲಸಿಹೋಗುತ್ತವೆ. ಗಂಡಸರಲ್ಲಿರುವ ವೈ ವರ್ಣತಂತು ಮಾತ್ರ ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೇ ಇಳಿಯುತ್ತದೆ. ಎಂದೋ ಒಬ್ಬನ ವೈ ಡಿಎನ್‌ಎಯಲ್ಲಿ ಒಂದಕ್ಷರ ತಪ್ಪಿದರೆ, ಆ ತಪ್ಪು ಅವನ ಗಂಡು ಸಂತತಿಗೆಲ್ಲ ಬರುತ್ತದೆ. ಅದನ್ನು ಹೊತ್ತವರೆಲ್ಲ ಒಂದು ಹ್ಯಾಪ್ಲೋಗ್ರೂಪ್. ಎಂ20 ಎಂಬ ತಪ್ಪಿದ್ದರೆ ಎಲ್, ಎಂ69 ಇದ್ದರೆ ಎಚ್.

ಈಗ ಬಳಿಗೆ ಬನ್ನಿ. ಅಳಿಯಸಂತಾನದಲ್ಲಿ, ಅಂದರೆ ಹೆಣ್ಣಿನ ಕಡೆಯಿಂದ ವಂಶ ನಡೆಯುವ ಪದ್ಧತಿಯಲ್ಲಿ, ಬಳಿ ಬರುವುದು ತಾಯಿಯಿಂದ, ವೈ ಬರುವುದು ತಂದೆಯಿಂದ. ಒಂದೇ ಬಳಿಯೊಳಗೆ ಮದುವೆ ಇಲ್ಲ, ಹಾಗಾಗಿ ತಂದೆ ಬೇರೆ ಬಳಿಯವನೇ. ತರವಾಡಿನ (ಕೂಡುಕುಟುಂಬದ ಮೂಲಮನೆಯ) ಯಜಮಾನ ಸೋದರಮಾವ, ಅವನ ನಂತರ ಅಳಿಯ, ಅಂದರೆ ಅಕ್ಕತಂಗಿಯ ಮಗ. ಇಬ್ಬರದೂ ಬಳಿ ಒಂದೇ. ಆದರೆ ಮಾವನ ವೈ ಅವನ ಅಪ್ಪನದು, ಅಳಿಯನದು ಅವನ ಅಪ್ಪನದು, ಅಂದರೆ ಮಾವನ ಭಾವನ ಕಡೆಯದು. ಬಳಿಯ ಜೊತೆ ನಡೆದು ಬರುವ ಡಿಎನ್‌ಎ ಬೇಕಿದ್ದರೆ ಜೀವಕೋಶದೊಳಗಿನ ಪುಟ್ಟ ಭಾಗವಾದ ಮೈಟೊಕಾಂಡ್ರಿಯದ್ದನ್ನು ನೋಡಿ, ಅದು ತಾಯಿಯಿಂದ ಬರುವುದು. ಎಲ್ ಎಂದವರು ಹೊಗಳಿದ್ದು ತಮ್ಮ ಬಳಿಯನ್ನಲ್ಲ, ಅಪ್ಪನ ತಂದೆಯ ತಂದೆಯನ್ನು!

ಗೋತ್ರದವರೂ ನಗಬೇಡಿ. ದತ್ತು ಹೋದವನ ಗೋತ್ರ ಬದಲಾಗುತ್ತದೆ, ವೈ ಬದಲಾಗುವುದಿಲ್ಲ. ಎಲ್ ಅಂತೂ ಜಾತಿ, ಧರ್ಮ ಕೇಳುವುದಿಲ್ಲ. ದಕ್ಷಿಣ ಭಾರತದಲ್ಲೂ ಉಂಟು, ಪಾಕಿಸ್ತಾನದಲ್ಲೂ ಉಂಟು.

'ಆರ್' ಅಂದರೆ ಆರ್ಯ ಎಂದು ಇನ್ನೊಬ್ಬರ ವಾದ. ಹಾಗಾದರೆ ಎಚ್ ಹವ್ಯಕರದ್ದಾ? 2002ರಲ್ಲಿ ಸಂಶೋಧಕರು ವಂಶವೃಕ್ಷದ ಕೊಂಬೆಗಳಿಗೆ ಸಾಲಾಗಿ ಇಂಗ್ಲಿಷ್ ಅಕ್ಷರ ಇಟ್ಟರು, ಅಷ್ಟೇ. ಸೈಬೀರಿಯದ ಬೈಕಲ್ ಸರೋವರದ ಹತ್ತಿರ ಮಾಲ್ಟಾದಲ್ಲಿ ಸಿಕ್ಕ, ಸುಮಾರು 24,000 ವರ್ಷ ಹಿಂದಿನ ಹುಡುಗನದ್ದೂ ಆರ್ ಕೊಂಬೆಯೇ. ಆಗ ಆರ್ಯರು ಎಲ್ಲಿದ್ದರು? ಅದೇ ಕೊಂಬೆಯ ಒಂದು ಕವಲು ಆರ್1ಎ, ಯುರೋಪಿನಿಂದ ಇಲ್ಲಿವರೆಗೆ ಹಬ್ಬಿದೆ. ಇನ್ನೊಂದು ಆರ್2, ಜಾಸ್ತಿ ನಮ್ಮ ಉಪಖಂಡದಲ್ಲೇ.

ಹರಿಯಾಣದ ರಾಖಿಗಢಿ ಹರಪ್ಪ ಕಾಲದ ಊರು. "ರಾಖಿಗಢಿಯಲ್ಲಿ ಆರ್1ಎ ಸಿಗಲಿಲ್ಲ" ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಹೇಗೆ ಸಿಗುತ್ತದೆ? 2019ರಲ್ಲಿ ಪ್ರಕಟವಾದ ಅಲ್ಲಿನ ಜೀನೋಮ್ (ಇಡೀ ಡಿಎನ್‌ಎ) ಒಬ್ಬ ಹೆಂಗಸಿನದು. ಹೆಂಗಸರಿಗೆ ವೈ ಇಲ್ಲ.